ದ್ಯುತಿಸಂಶ್ಲೇಷಣೆ ನಡೆಸದ ಹವಳಗಳ ಗುರುತು: ಮನೆಯ ಅಕ್ವೇರಿಯಂ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಮೈಸೂರಿನ ಮಂಡಕಳ್ಳಿಯಂಥ ಒಳನಾಡಿನಲ್ಲಿ ಮರೈನ್ ಟ್ಯಾಂಕ್ ಇಡಬಯಸುವವರು ಆರ್‌.ಒ. ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಸಾಪೇಕ್ಷ ಸಾಂದ್ರತೆಯನ್ನು 1.025ರ ಆಸುಪಾಸಿಗೆ ತಂದರೆ ನೀರಿನ ಸಮಸ್ಯೆ ಬಹುಮಟ್ಟಿಗೆ ತೀರುತ್ತದೆ. ಹವಳದ ಗುರುತು ಅಷ್ಟು ಸುಲಭವಲ್ಲ. ವ್ಯಾಪಾರದಲ್ಲಿ ‘ಸನ್ ಕೋರಲ್’ ಎಂಬ ಒಂದೇ ಹೆಸರು ಟ್ಯೂಬಾಸ್ಟ್ರಿಯ, ಡೆಂಡ್ರೊಫಿಲಿಯ ಎರಡೂ ಕುಲಗಳಿಗೆ ಅಂಟಿಕೊಂಡಿದೆ.

ಬಣ್ಣ ನಂಬಿಕೆಗೆ ಅರ್ಹವಲ್ಲ. ದ್ಯುತಿಸಂಶ್ಲೇಷಣೆ ನಡೆಸುವ ಸಹಜೀವಿ ಪಾಚಿ ಕಳೆದುಕೊಂಡು ಬಿಳಿಚಿದ ಹವಳ, ಹುಟ್ಟಿನಿಂದಲೇ ಪಾಚಿಯಿಲ್ಲದ ಹವಳದಂತೆ ಕಂಡೀತು. ಕುಟುಂಬದ ಹೆಸರೂ ನೆರವಾಗದು: ಟ್ಯೂಬಾಸ್ಟ್ರಿಯ ಸೇರಿರುವ ಡೆಂಡ್ರೊಫಿಲಿಡೆ ಕುಟುಂಬದಲ್ಲೇ, ಪಾಚಿಯ ಆಸರೆಯಲ್ಲಿ ಬದುಕುವ ಟರ್ಬಿನೇರಿಯವೂ ಇದೆ. ಕರಬಳ್ಳಿಯ (ಟೆಂಟಕಲ್) ತುದಿಯ ಚೂರನ್ನು ಸ್ಲೈಡಿನ ಮೇಲಿಟ್ಟು 400 ಪಟ್ಟು ಹಿಗ್ಗಿಸಿ ನೋಡುವುದೇ ನೇರ ದಾರಿ. ಸುಮಾರು 10 ಮೈಕ್ರೊಮೀಟರ್ ಅಗಲದ ಹೊಂಗಂದು ಗುಂಡುಗಳು ಕಿಕ್ಕಿರಿದಿದ್ದರೆ ಅದು ಬೆಳಕು ಬೇಡುವ ಹವಳ.

ಮುಂದಿನ ಕೆಲಸ ಕರಬಳ್ಳಿ ಎಣಿಸುವುದು. ಟ್ಯೂಬಾಸ್ಟ್ರಿಯ ಸಾಮಾನ್ಯವಾಗಿ ಅರಳುವುದು ಕತ್ತಲಾದ ಮೇಲೆ. ಹಗಲಲ್ಲಿ ಮುದುಡಿದ ಗುಬುಟುಗಳನ್ನು ನೋಡಿ ತೀರ್ಮಾನಿಸಬಾರದು. ಗರಿಯಂತೆ ಸೀಳಿದ ಎಂಟು ಕರಬಳ್ಳಿಗಳಿದ್ದರೆ ಅದು ಅಷ್ಟಕರ ಗುಂಪಿನದು. ಬಿಳಿ ಪಾಲಿಪ್‌ಗಳ ಕೆರಿಜೋವ ರೈಸಿಯೈ, ಅರೆಪಾರದರ್ಶಕ ಮೈಯಲ್ಲಿ ಸುಣ್ಣದ ಸೂಜಿಗಳು ಕಾಣುವ ಡೆಂಡ್ರೊನೆಫ್ತಿಯ ಇಲ್ಲಿಗೆ ಸೇರುತ್ತವೆ. ಕರಬಳ್ಳಿ ನುಣುಪಾಗಿದ್ದು, ಸಂಖ್ಯೆ ಆರರ ಗುಣಕದಲ್ಲಿದ್ದು, ಕೆಳಗೆ ಕಲ್ಲಿನಂಥ ಬಟ್ಟಲಿದ್ದರೆ ಅದು ಸ್ಕ್ಲೆರಾಕ್ಟೀನಿಯ, ಅಂದರೆ ಗಟ್ಟಿ ಹವಳ. ಬೆಳೆದ ಡೆಂಡ್ರೊಫಿಲಿಯದ ಬಟ್ಟಲಿನಲ್ಲಿ ಒಳಗೋಡೆಗಳು ಒಂದಕ್ಕೊಂದು ಬಾಗಿ ಕೂಡಿಕೊಳ್ಳುತ್ತವೆ. ಟ್ಯೂಬಾಸ್ಟ್ರಿಯದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಇದು ಕಾಣುವುದು ಅಂಗಾಂಶ ಕಳಚಿದ ಅಸ್ಥಿಯಲ್ಲಿ ಮಾತ್ರ. ಮರದಂತೆ ಕವಲೊಡೆದು ಕಡುಹಸಿರಾಗಿರುವ ಟ್ಯೂಬಾಸ್ಟ್ರಿಯ ಮೈಕ್ರಾಂಥಸ್‌ನಂಥವನ್ನು ಬಿಟ್ಟರೆ, ಜೀವಂತ ಹವಳದ ಫೋಟೊ ನೋಡಿ ಪ್ರಭೇದದ ಹೆಸರು ಹೇಳುವುದು ದುಡುಕು. ಕುಟುಂಬದ ಮಟ್ಟದಲ್ಲಿ ನಿಲ್ಲುವುದೇ ಪ್ರಾಮಾಣಿಕತೆ.

ಗುರುತು ತಪ್ಪಿದರೆ ಹವಳ ಉಪವಾಸ ಬೀಳುತ್ತದೆ. ಟ್ಯೂಬಾಸ್ಟ್ರಿಯ ಆರ್ಟೀಮಿಯ, ಮೈಸಿಸ್ ಸಿಗಡಿಗಳನ್ನು ಹಿಡಿದು ನುಂಗುತ್ತದೆ, ಒಂದೊಂದು ಪಾಲಿಪ್‌ಗೂ ತುತ್ತಿಡಬಹುದು. ಡೆಂಡ್ರೊನೆಫ್ತಿಯಕ್ಕೆ ಅದು ಸಾಲದು: ಕೆಂಪು ಸಮುದ್ರದ ಡೆಂಡ್ರೊನೆಫ್ತಿಯ ಹೆಂಪ್ರಿಚಿ ಸಸ್ಯಪ್ಲವಕಗಳನ್ನು ತಿಂದು ಬದುಕುತ್ತದೆಂದು ಫ್ಯಾಬ್ರಿಷಿಯಸ್, ಬೆನಯಾಹು, ಗೆನಿನ್ 1995ರಲ್ಲಿ ತೋರಿಸಿದರು. ಹರಿಯುವ ನೀರಿನಲ್ಲಿ ಎಡೆಬಿಡದೆ ಸೂಕ್ಷ್ಮಪಾಚಿ ಒದಗಿಸುವುದು ಮನೆಯಲ್ಲಿ ಹೆಚ್ಚಿನವರ ಕೈಗೆಟುಕದು.

ಕಾನೂನಿನ ಮಾತು ಇನ್ನೂ ಸ್ವಾರಸ್ಯಕರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ಹವಳಗಳು ಸೇರಿದಾಗ, ‘ದಿಬ್ಬ ಕಟ್ಟುವ ಹವಳಗಳು’ ಎಂದು ಬರೆದು ಆವರಣದಲ್ಲಿ ಸ್ಕ್ಲೆರಾಕ್ಟೀನಿಯಗಳೆಲ್ಲವನ್ನೂ ಹೆಸರಿಸಲಾಯಿತು. ಟ್ಯೂಬಾಸ್ಟ್ರಿಯವನ್ನು ಜೀವವಿಜ್ಞಾನಿಗಳು ದಿಬ್ಬ ಕಟ್ಟುವವುಗಳ ಸಾಲಿಗೆ ಸೇರಿಸುವುದಿಲ್ಲ. ಹಾಗೆಂದು ಅದಕ್ಕೆ ರಕ್ಷಣೆಯಿಲ್ಲ ಎನ್ನಲಾಗದು. ನನ್ನ ಓದಿನಲ್ಲಿ ಆವರಣದ ಮಾತೇ ನಿರ್ಣಾಯಕ. ಕಪ್ಪು ಹವಳ, ಗೊರ್ಗೋನಿಯಗಳೂ ಅದೇ ಅನುಸೂಚಿಯಲ್ಲಿವೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ಬಳಿ ಡೈವಿಂಗ್ ಮಾಡುವ ಮೈಸೂರಿಗರು ಕಿತ್ತಳೆ ಬಣ್ಣದ ಗಟ್ಟಿ ಹವಳ ಕಂಡರೆ ಚಿತ್ರ ತೆಗೆದುಕೊಳ್ಳಲಿ. ಅದರ ಕುಲ ಯಾವುದೇ ಇರಲಿ, ಕಿತ್ತು ತಂದು ತೊಟ್ಟಿಗೆ ಹಾಕುವುದು ಅಪರಾಧ.