ಟಿಕೀಟಿನ ಹಿಂದಿನ ಕರಾರು

ಅಕ್ಕಿಆಲೂರಿಗೆ ರೈಲು ಬಂದಿಲ್ಲ. ಅಷ್ಟೇ ಏಕೆ, ಇಡೀ ಹಾನಗಲ್ಲ ತಾಲೂಕಿನಲ್ಲಿಯೇ ಹಳಿ ಹಾದಿಲ್ಲ. ಇಲ್ಲಿಯ ಜನ ರೈಲು ಹತ್ತಬೇಕಾದರೆ ಮೂಡಲ ಮುಖವಾಗಿ ಹಾವೇರಿಗೆ ಹೋಗಬೇಕು. ಹಿಂದೆ ಚಕ್ಕಡಿ ಹೂಡುತ್ತಿದ್ದರು, ಈಗ ಬಸ್ಸು ಹಿಡಿಯುತ್ತಾರೆ. ಆದರೂ ರೈಲು ಇವರಿಗೆ ಅಪರಿಚಿತವಲ್ಲ. ಹಾವೇರಿಯಿಂದ ಹುಬ್ಬಳ್ಳಿಗೆ ಇಷ್ಟು, ಬೆಂಗಳೂರಿಗೆ ಇಷ್ಟು ಎಂದು ದರ ಗೊತ್ತು. ದೂರ ಹೆಚ್ಚಿದರೆ ದುಡ್ಡು ಹೆಚ್ಚು, ದರ್ಜೆ ಏರಿದರೆ ದುಡ್ಡು ಹೆಚ್ಚು ಎಂಬ ನ್ಯಾಯವೂ ಗೊತ್ತು. ಇದೇ ಸೀಮೆಯ ತಂದೆತಾಯಿಗಳು ಇಂದು ಮಕ್ಕಳನ್ನು ಕಾಣಲೆಂದು ಲಂಡನ್ನಿಗೋ ಫ್ರಾಂಕ್‌ಫರ್ಟಿಗೋ ಹೋದಾಗ ಈ ನ್ಯಾಯ ಅಲ್ಲಿ ನಡೆಯುವುದಿಲ್ಲ. ಒಂದೇ ಊರಿಗೆ, ಒಂದೇ ಗಾಡಿಯಲ್ಲಿ, ಒಂದೇ ದರ್ಜೆಯಲ್ಲಿ, ಮಗ್ಗುಲುಮಗ್ಗುಲಿಗೆ ಕುಳಿತ ಇಬ್ಬರು ಬೇರೆ ಬೇರೆ ದುಡ್ಡು ಕೊಟ್ಟಿರುತ್ತಾರೆ. ಒಬ್ಬನದು ಇನ್ನೊಬ್ಬನ ಮೂರುಪಟ್ಟು ಇದ್ದರೂ ಅಚ್ಚರಿಯಿಲ್ಲ. ಇದೆಂಥ ಲೆಕ್ಕ ಎಂದು ನಮ್ಮವರು ಕೇಳಿದರೆ ಅದು ಅಜ್ಞಾನದ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಇತಿಹಾಸದಲ್ಲಿದೆ.

ಟಿಕೀಟೆಂದರೆ ಬರಿಯ ಹಣದ ರಸೀದಿಯಲ್ಲ; ಅದು ಪ್ರಯಾಣಿಕನಿಗೂ ರೈಲಿನವರಿಗೂ ನಡೆದ ಒಂದು ಕರಾರು. ಕರಾರಿನಲ್ಲಿ ಏನೇನು ಸೇರಬೇಕೆಂಬುದು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಮೊದಲು ದೂರವನ್ನು ಮಾರಿದರು, ಆಮೇಲೆ ಆಸನದ ಮರ್ಯಾದೆಯನ್ನು ಮಾರಿದರು, ಈಗ ವೇಳೆಯನ್ನು ಮಾರುತ್ತಿದ್ದಾರೆ.

ಇಂಗ್ಲೆಂಡಿನಲ್ಲಿ ರೈಲು ಶುರುವಾದ ಹೊಸತರಲ್ಲಿ ಕುದುರೆಗಾಡಿಯ ಪದ್ಧತಿಯೇ ನಡೆದಿತ್ತು. ಗುಮಾಸ್ತನು ಪ್ರತಿಯೊಬ್ಬನ ವಿವರವನ್ನು ಕಾಗದದ ಮೇಲೆ ಕೈಯಿಂದ ಬರೆದುಕೊಡುತ್ತಿದ್ದನು. ಥಾಮಸ್ ಎಡ್ಮಂಡ್ಸನ್ ಎಂಬವನು ಪೀಠೋಪಕರಣದ ಉದ್ಯೋಗದಲ್ಲಿ ದಿವಾಳಿಯಾಗಿ, ಹೊಟ್ಟೆಪಾಡಿಗೆಂದು 1836ರಲ್ಲಿ ಮಿಲ್ಟನ್ ಎಂಬ ಸಣ್ಣ ನಿಲ್ದಾಣದ ಮಾಸ್ತರನಾದನು. ಬರೆದು ಬರೆದು ಬೇಸತ್ತು ಅವನು ಗಟ್ಟಿ ರಟ್ಟಿನ ಚಿಕ್ಕ ಚೀಟಿಗಳನ್ನು ಮೊದಲೇ ಅಚ್ಚು ಹಾಕಿಸಿ, ಅನುಕ್ರಮ ಸಂಖ್ಯೆ ಕೊಟ್ಟು, ತಾರೀಖು ಒತ್ತುವ ಯಂತ್ರವನ್ನೂ ಮಾಡಿದನು. ಚೀಟಿಯ ಉದ್ದ ಎರಡೂಕಾಲು ಇಂಚು. ಅಗಲ ಒಂದೂಕಾಲು ಇಂಚಿಗೆ ತುಸು ಕಡಿಮೆ. ಈ ಅಳತೆಯ ರಟ್ಟೇ ಲೋಕವನ್ನು ಸುತ್ತಿತು, ನಮ್ಮ ಹಾವೇರಿ ನಿಲ್ದಾಣದ ಕಿಂಡಿಯವರೆಗೂ ಬಂದಿತು. ನಮ್ಮ ಹಿರಿಯರು ಅಂಗಿಯ ಒಳಜೇಬಿನಲ್ಲಿ, ಸೆರಗಿನ ಗಂಟಿನಲ್ಲಿ ಜೋಪಾನ ಮಾಡುತ್ತಿದ್ದ ಚೀಟಿ ಅದೇ. ಕಿಂಡಿಯ ಮುಂದೆ ಯಾರೇ ನಿಂತರೂ, ಎಂದೇ ನಿಂತರೂ, ಆ ರಟ್ಟಿನ ಬೆಲೆ ಒಂದೇ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಬೆಲೆಗೆ ಮೊದಲ ಕಾಯಿದೆ ಬಿದ್ದದ್ದು 1844ರಲ್ಲಿ. ಅಲ್ಲಿಯ ತನಕ ಇಂಗ್ಲೆಂಡಿನ ಬಡವರನ್ನು ಎಷ್ಟೋ ಕಡೆ ಮಾಡಿಲ್ಲದ ಬಂಡಿಗಳಲ್ಲಿ, ಮಳೆಗಾಳಿಗೆ ಒಡ್ಡಿ ಸಾಗಿಸುತ್ತಿದ್ದರು. ಗ್ಲ್ಯಾಡ್‌ಸ್ಟನ್ ಮುಂದೆ ನಿಂತು ಮಾಡಿಸಿದ ಆ ಕಾನೂನು, ದಿನಕ್ಕೊಂದಾದರೂ ಗಾಡಿ ಮೈಲಿಗೆ ಒಂದು ಪೆನ್ನಿಯಂತೆ ಮೂರನೆಯ ದರ್ಜೆಯವರನ್ನು ಒಯ್ಯಬೇಕು, ಬಂಡಿಗೆ ಮಾಡು ಇರಬೇಕು, ವೇಗ ಗಂಟೆಗೆ 12 ಮೈಲಿಗೆ ಕಡಿಮೆಯಾಗಬಾರದು ಎಂದು ವಿಧಿಸಿತು. ಅದಕ್ಕೂ ಮೂರು ವರ್ಷ ಮೊದಲು, 1841ರ ಜುಲೈ 5ರಂದು, ಥಾಮಸ್ ಕುಕ್ ಎಂಬವನು ಪಾನನಿರೋಧ ಸಭೆಗೆ ಹೊರಟ ಸುಮಾರು 500 ಜನರನ್ನು ತಲೆಗೆ ಒಂದು ಶಿಲ್ಲಿಂಗಿನಂತೆ ಲೆಸ್ಟರಿನಿಂದ ಲಫ್‌ಬರೊಗೆ ಹೋಗಿಬರುವಂತೆ ಕರೆದೊಯ್ದನು. ಗುಂಪಿಗೆ ಅಗ್ಗ, ಹೋಗಿಬರುವುದಕ್ಕೆ ಅಗ್ಗ, ಗೊತ್ತಾದ ದಿನಕ್ಕೆ ಅಗ್ಗ ಎಂಬ ವ್ಯಾಪಾರದ ಗುಟ್ಟು ಅಲ್ಲಿ ಮೊಳೆಯಿತು.

ನಮ್ಮ ಭಾಗಕ್ಕೆ ರೈಲು ತಂದದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. 1880ರ ದಶಕದಲ್ಲಿ ಅದು ಹುಬ್ಬಳ್ಳಿ ಹರಿಹರ ಮಾರ್ಗವನ್ನು ಹಾಸಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಹೆಣೆಯಿತು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಆ ಭವ್ಯ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಿನ ಮನೆಯಾಯಿತು. ಬ್ರಿಟಿಷರ ಕಾಲದ ನಮ್ಮ ರೈಲುಗಳಲ್ಲಿ ಮೊದಲನೆಯದು, ಎರಡನೆಯದು, ಇಂಟರ್, ಮೂರನೆಯದು ಎಂದು ನಾಲ್ಕು ದರ್ಜೆಗಳಿದ್ದವು. ಮೂರನೆಯದಕ್ಕೆ ಮೈಲಿಗೆ ಇಷ್ಟು ಪೈ ಎಂಬ ಲೆಕ್ಕ. ರೂಪಾಯಿಗೆ 192 ಪೈ. ಪ್ರಯಾಣಿಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಜನ ಆ ಡಬ್ಬಿಗಳಲ್ಲೇ ತುಂಬಿರುತ್ತಿದ್ದರು.

ಈ ಸೀಮೆಯ ಜನಕ್ಕೆ ರೈಲಿನಲ್ಲಿ ಪರದೇಶಕ್ಕೆ ಹೋಗುವ ಅನುಭವ ಹೊಸದೂ ಅಲ್ಲ. ಹಡಗು ಹತ್ತದೆಯೇ ಮುಟ್ಟಬಹುದಾದ ಪರದೇಶವೊಂದು ನಮ್ಮ ಮಗ್ಗುಲಲ್ಲೇ ಇತ್ತು, ಅದು ಗೋವೆ. 1878ರಲ್ಲಿ ಬ್ರಿಟಿಷರಿಗೂ ಪೋರ್ತುಗೀಜರಿಗೂ ಒಪ್ಪಂದವಾಗಿ, ಮುರಗಾಂವ ಬಂದರದಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕಿಗೆ ಹಳಿ ಹಾಸುವುದು ನಿಶ್ಚಯವಾಯಿತು. 1888ರ ಹೊತ್ತಿಗೆ ದಾರಿ ಪೂರ್ತಿಯಾಯಿತು. ಕಂಪನಿಯ ಹೆಸರು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ. ಆದರೆ 1902ರಿಂದ ಗಾಡಿ ಓಡಿಸಿದವರು ನಮ್ಮ ಸದರ್ನ್ ಮರಾಠಾದವರೇ. ಎರಡೂ ಕಡೆ ಅದೇ ಮೀಟರ್ ಗೇಜ್ ಹಳಿ. ಹಾವೇರಿಯಲ್ಲಿ ಹತ್ತಿ ಹುಬ್ಬಳ್ಳಿ, ಲೋಂಡಾ ದಾಟಿದವನಿಗೆ ದೇಶ ಬದಲಾದದ್ದು ಹಳಿಯಿಂದ ತಿಳಿಯುತ್ತಿರಲಿಲ್ಲ, ಸುಂಕದ ಕಟ್ಟೆಯಿಂದ ತಿಳಿಯುತ್ತಿತ್ತು. ಕ್ಯಾಸಲ್‌ರಾಕಿನಲ್ಲಿ ಇತ್ತಲವರು, ಕುಳೆಯಲ್ಲಿ ಅತ್ತಲವರು ಗಂಟುಮೂಟೆ ಬಿಚ್ಚಿಸುತ್ತಿದ್ದರು. ಅಲ್ಲಿ ನಾಣ್ಯ ಬೇರೆ. ರೂಪಿಯ, ತಂಗ ಎಂಬ ಹೆಸರು. 1955ರಲ್ಲಿ ಗೋವೆಯ ಬಿಡುಗಡೆಯ ಹೋರಾಟ ಕಾವೇರಿದಾಗ ಗಡಿ ಮುಚ್ಚಿತು, ಗಾಡಿ ನಿಂತಿತು. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದ ಮೇಲೆಯೇ ಹಳಿ ಮತ್ತೆ ಕೂಡಿತು. ಟಿಕೀಟು ಹಳಿಯ ಮೇಲೆ ಹಕ್ಕು ಕೊಡುತ್ತದೆ, ಗಡಿಯ ಮೇಲೆ ಕೊಡುವುದಿಲ್ಲ ಎಂಬ ಪಾಠವನ್ನು ಆ ದಾರಿ ನಮಗೆ ಮುಕ್ಕಾಲು ಶತಮಾನ ಕಲಿಸಿತು. ಇಂದು ಲಂಡನ್ನಿನಿಂದ ಸಮುದ್ರದಡಿಯ ಸುರಂಗದಲ್ಲಿ ಪ್ಯಾರಿಸ್ಸಿಗೆ ಹೋಗುವವರಿಗೂ ಪಾಠ ಅದೇ: ಕೈಯಲ್ಲಿ ಟಿಕೀಟಿದ್ದರೆ ಸಾಲದು, ವೀಸಾ ಬೇರೆಯೇ ಬೇಕು.

ದರ್ಜೆಯ ಬೆಲೆಯಲ್ಲಿ ಅಡಗಿದ್ದ ಅನ್ಯಾಯವನ್ನು ಎತ್ತಿ ಹೇಳಿದವರು ಗಾಂಧೀಜಿ. 1917ರ ಸೆಪ್ಟೆಂಬರ್ 12ರಂದು ಅವರು ಮುಂಬಯಿಯಿಂದ ಮದರಾಸಿಗೆ ಮೂರನೆಯ ದರ್ಜೆಯಲ್ಲಿ ಹೊರಟರು. ಕೊಟ್ಟ ಹಣ 13 ರೂಪಾಯಿ 9 ಆಣೆ. ಡಬ್ಬಿ 22 ಜನರಿಗೆಂದು ಗೊತ್ತಾದದ್ದು. ಒಂದು ಹಂತದಲ್ಲಿ 35 ಜನ ಸೇರಿದರು. ನಮ್ಮ ರಾಯಚೂರು ಮುಟ್ಟಿದಾಗ ನೂಕುನುಗ್ಗಲು ತಡೆಯಲಾರದಷ್ಟಾಯಿತೆಂದು ಅವರೇ ಬರೆದಿದ್ದಾರೆ. ಮೊದಲ ದರ್ಜೆಯವನು ಮೂರನೆಯವನ ಐದುಪಟ್ಟಿಗಿಂತ ಹೆಚ್ಚು ಕೊಡುತ್ತಾನೆ, ನಿಜ. ಆದರೆ ಮೂರನೆಯವನಿಗೆ ಅವನ ಸೌಕರ್ಯದ ಐದರಲ್ಲೊಂದು ಪಾಲಾದರೂ, ಹತ್ತರಲ್ಲೊಂದು ಪಾಲಾದರೂ ಸಿಗುತ್ತದೆಯೇ ಎಂಬುದು ಅವರ ಪ್ರಶ್ನೆ. ದರದ ಪಟ್ಟಿಯನ್ನು ಹೀಗೆ ನ್ಯಾಯದ ತಕ್ಕಡಿಯಲ್ಲಿಟ್ಟು ತೂಗಿದವರು ವಿರಳ.

ದರ್ಜೆಗಳ ಕಥೆ ಬೇರೆ ದೇಶಗಳಲ್ಲಿ ಬೇರೆ ದಾರಿ ಹಿಡಿಯಿತು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದರು. ಆ ಪ್ರವಾಸದ ಫಲವಾಗಿ ಕನ್ನಡಕ್ಕೆ 'ಸಮುದ್ರದಾಚೆಯಿಂದ' ದೊರೆಯಿತು. ಅವರ ಕಾಲದ ಇಂಗ್ಲೆಂಡಿನ ರೈಲುಗಳಲ್ಲಿ ಒಂದು ವಿಚಿತ್ರವಿತ್ತು. ಬಹುಮಟ್ಟಿಗೆ ಎಲ್ಲೆಡೆ ಮೊದಲನೆಯ ದರ್ಜೆಯುಂಟು, ಮೂರನೆಯದುಂಟು, ಎರಡನೆಯದೇ ಇಲ್ಲ! ಮಿಡ್‌ಲ್ಯಾಂಡ್ ಕಂಪನಿ 1872ರಲ್ಲಿ ತನ್ನ ಎಲ್ಲ ಗಾಡಿಗಳಿಗೂ ಮೂರನೆಯ ದರ್ಜೆಯವರನ್ನು ಹತ್ತಿಸಿಕೊಂಡು, 1875ರಲ್ಲಿ ಎರಡನೆಯದನ್ನು ತೆಗೆದುಹಾಕಿತ್ತು. ಉಳಿದವರು ನಿಧಾನವಾಗಿ ಹಿಂಬಾಲಿಸಿದರು. ಮೂರನೆಯದರ ಆಸನ ಸುಧಾರಿಸಿದ ಮೇಲೆ ನಡುವಿನದಕ್ಕೆ ಗಿರಾಕಿ ಇಲ್ಲದಾಯಿತು. 1956ರಲ್ಲಿ ಬ್ರಿಟನ್ನು ಮತ್ತು ಯುರೋಪಿನ ದೇಶಗಳು ಮೂರನೆಯದೆಂಬ ಹೆಸರನ್ನೇ ಕೈಬಿಟ್ಟವು. ನಮ್ಮಲ್ಲಿ 1955ರಲ್ಲಿ ಹಳೆಯ ಮೊದಲ ದರ್ಜೆ ಹೋಗಿ, ಎರಡನೆಯದು ಮೊದಲನೆಯದಾಯಿತು, ಇಂಟರ್ ಎರಡನೆಯದಾಯಿತು. ಮೂರನೆಯದು ಹೋದದ್ದು 1974ರಲ್ಲಿ. ಹೆಸರು ಹೋದಷ್ಟು ಬೇಗ ನೂಕುನುಗ್ಗಲು ಹೋಗಲಿಲ್ಲವೆಂಬುದು ಎಲ್ಲರೂ ಬಲ್ಲ ಮಾತು.

ದರ್ಜೆಗಳ ಅಂತರ ಕುಗ್ಗುತ್ತ ಬಂದಂತೆ ಬೇರೊಂದು ಅಂತರ ಹುಟ್ಟಿತು. 1978ರಲ್ಲಿ ಅಮೆರಿಕದಲ್ಲಿ ವಿಮಾನದ ದರಗಳ ಮೇಲಿನ ಸರಕಾರದ ಹತೋಟಿ ಸಡಿಲಾಯಿತು. ಯಾವ ಆಸನ ಯಾವ ದಿನ ಖಾಲಿ ಉಳಿದೀತು, ಯಾರು ಎಷ್ಟು ಕೊಟ್ಟಾರು ಎಂದು ಗಣಕಯಂತ್ರ ಎಣಿಸಿ ಹೇಳತೊಡಗಿತು. ಮೊದಲೇ ಕೊಂಡವನಿಗೆ ಅಗ್ಗ, ಕೊನೆಯ ಗಳಿಗೆಯಲ್ಲಿ ಬಂದವನಿಗೆ ತುಟ್ಟಿ. ಈ ವಿದ್ಯೆ ಆಕಾಶದಿಂದ ನೆಲಕ್ಕಿಳಿಯಿತು. ಫ್ರಾನ್ಸಿನ ರೈಲ್ವೆ 1993ರಲ್ಲಿ ಅಮೆರಿಕದ ವಿಮಾನ ಕಂಪನಿಯೊಂದರ ಗಣಕ ಪದ್ಧತಿಯನ್ನೇ ಮಾದರಿಯಾಗಿಟ್ಟುಕೊಂಡು 'ಸೊಕ್ರಾತ್' ಎಂಬ ವ್ಯವಸ್ಥೆಯನ್ನು ತಂದಿತು.

ಈ ಹಿನ್ನೆಲೆ ತಿಳಿದರೆ ಹೊರದೇಶದ ಟಿಕೀಟಿನ ಹೆಸರುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಬ್ರಿಟನ್ನಿನಲ್ಲಿ 2008ರಿಂದ ಮೂರು ಹೆಸರು ಮುಖ್ಯವಾದವು. 'ಎನಿಟೈಮ್' ಎಂದರೆ ಯಾವ ಗಾಡಿಯನ್ನಾದರೂ ಹತ್ತುವ ಸ್ವಾತಂತ್ರ್ಯ. ಬೆಲೆ ಎಲ್ಲಕ್ಕೂ ಹೆಚ್ಚು. 'ಆಫ್‌ಪೀಕ್' ಎಂದರೆ ಕಚೇರಿಯ ಜನರ ಗದ್ದಲವಿಲ್ಲದ ಹೊತ್ತಿನ ಗಾಡಿಗಳಿಗೆ ಮಾತ್ರ. 'ಅಡ್ವಾನ್ಸ್' ಎಂದರೆ ಗೊತ್ತಾದ ದಿನದ ಗೊತ್ತಾದ ಗಾಡಿ ಒಂದಕ್ಕೇ; ಅದು ತಪ್ಪಿದರೆ ಹೊಸ ಟಿಕೀಟು ಕೊಳ್ಳಬೇಕು. ಜರ್ಮನಿಯ ಸ್ಪಾರ್‌ಪ್ರೈಸ್ ಈ ಮೂರನೆಯದರ ತಮ್ಮ, ಫ್ಲೆಕ್ಸ್‌ಪ್ರೈಸ್ ಮೊದಲನೆಯದರ ತಮ್ಮ. ಆದರೆ ಜರ್ಮನಿಯಲ್ಲಿ ಗಾಡಿಯೇ ತಡವಾಗಿ, ಮುಟ್ಟಬೇಕಾದ ಊರಿಗೆ 20 ನಿಮಿಷಕ್ಕಿಂತ ಹೆಚ್ಚು ವಿಳಂಬವಾಗುವಂತಿದ್ದರೆ ಆ ಕಟ್ಟು ಕಳಚುತ್ತದೆ, ಬೇರೆ ಗಾಡಿ ಹತ್ತಬಹುದು. ಜಪಾನಿನಲ್ಲಿ ದೂರಕ್ಕೊಂದು ಟಿಕೀಟು, ವೇಗಕ್ಕೊಂದು ಟಿಕೀಟು. ಇಟಲಿಯ ಪ್ರಾಂತೀಯ ಗಾಡಿಗಳಲ್ಲಿ ಕಾಗದದ ಟಿಕೀಟಿಗೆ ಹತ್ತುವ ಮುಂಚೆ ಯಂತ್ರದ ಮುದ್ರೆ ಒತ್ತಿಸದಿದ್ದರೆ, ದುಡ್ಡು ಕೊಟ್ಟವನೂ ದಂಡ ತೆರಬೇಕಾಗುತ್ತದೆ.

ಇನ್ನೊಂದು ಸೋಜಿಗ. ನಮ್ಮ ದೇಶದಲ್ಲಿ ದೂರ ಬೆಳೆದಷ್ಟೂ ಕಿಲೋಮೀಟರಿನ ದರ ಇಳಿಯುತ್ತದೆ. ಹಾವೇರಿಯಿಂದ ಬೆಂಗಳೂರಿಗೆ ಒಂದೇ ಟಿಕೀಟು ಕೊಂಡವನಿಗೆ, ಅರಸೀಕೆರೆಗೊಂದು ಅಲ್ಲಿಂದ ಮುಂದಕ್ಕೊಂದು ಕೊಂಡವನಿಗಿಂತ ಲಾಭ. ಬ್ರಿಟನ್ನಿನಲ್ಲಿ ಎಷ್ಟೋ ಮಾರ್ಗಗಳಲ್ಲಿ ಇದರ ತಿರುವುಮುರುವು: ಅದೇ ಗಾಡಿಯಲ್ಲಿ ಕುಳಿತು, ನಡುವಿನ ನಿಲ್ದಾಣಕ್ಕೆ ಟಿಕೀಟನ್ನು ತುಂಡು ಮಾಡಿ ಕೊಂಡವನಿಗೆ ಲಾಭ. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಕಾಲದಲ್ಲಿ ಇಟ್ಟ ದರಗಳು ಒಂದಕ್ಕೊಂದು ಹೊಂದದೆ ಉಳಿದುದರ ಫಲವಿದು. ಅರವತ್ತು ದಾಟಿದವರಿಗೆ ಅಲ್ಲಿ ವರ್ಷದ ಒಂದು ಕಾರ್ಡು ಸಿಗುತ್ತದೆ. ಹೆಚ್ಚಿನ ಟಿಕೀಟುಗಳಲ್ಲಿ ಮೂರರಲ್ಲೊಂದು ಪಾಲು ಬಿಡುವು. ನಮ್ಮ ರೈಲ್ವೆ ಹಿರಿಯರಿಗೆ ಕೊಡುತ್ತಿದ್ದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿತು.

ವೇಳೆಯ ವ್ಯಾಪಾರ ನಮ್ಮಲ್ಲಿಗೂ ಬಂದಿದೆ. 1997ರಲ್ಲಿ ತತ್ಕಾಲ್ ಬಂದಿತು. 2016ರಲ್ಲಿ ರಾಜಧಾನಿ, ಶತಾಬ್ದಿ, ದುರಂತೋ ಗಾಡಿಗಳಲ್ಲಿ ಆಸನ ತುಂಬಿದಂತೆ ದರ ಏರುವ ಪದ್ಧತಿ ಬಂದಿತು. ರೈಲಿನವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಖಾಲಿ ಆಸನ ಓಡಿದರೆ ನಷ್ಟ. ಬೇಗ ಕೊಂಡವನು ಆ ನಷ್ಟವನ್ನು ತಪ್ಪಿಸುತ್ತಾನೆ, ಅವನಿಗೆ ಬಿಡುವು ಸಲ್ಲಬೇಕು. ವಿದ್ಯಾರ್ಥಿ, ಪ್ರವಾಸಿ, ಮದುವೆಯ ದಿಬ್ಬಣ, ಇವರೆಲ್ಲ ಮೊದಲೇ ಗೊತ್ತುಮಾಡಿ ಅಗ್ಗದಲ್ಲಿ ಹೋಗಬಲ್ಲರು. ಆದರೆ ಎಲ್ಲರ ಪ್ರಯಾಣವೂ ಪಂಚಾಂಗ ನೋಡಿ ಬರುವುದಿಲ್ಲ. ತಾಯಿಗೆ ಕಾಯಿಲೆ ಹೆಚ್ಚಾಯಿತೆಂಬ ಸುದ್ದಿ ರಾತ್ರಿ ಬರುತ್ತದೆ. ಕೂಲಿಯವನಿಗೆ ನಾಳೆ ಕೆಲಸ ಎಲ್ಲಿ ಎಂಬುದು ಇಂದು ಸಂಜೆ ತಿಳಿಯುತ್ತದೆ. ಇವರಿಗೆ ಆರಿಸಿಕೊಳ್ಳಲು ವೇಳೆಯಿಲ್ಲ, ಆದುದರಿಂದ ಇವರ ಬೆಲೆಯೇ ಹೆಚ್ಚು. ಹಿಂದೆ ಬಡವನು ತನ್ನ ಮೈಯ ಸೌಖ್ಯವನ್ನು ಬಿಟ್ಟುಕೊಟ್ಟು ಅಗ್ಗದಲ್ಲಿ ಹೋಗುತ್ತಿದ್ದನು. ಈಗ ನಾಳೆಯ ಭರವಸೆ ಇರುವವನು ಅಗ್ಗದಲ್ಲಿ ಹೋಗುತ್ತಾನೆ. ಆ ಭರವಸೆಯೂ ಒಂದು ಬಗೆಯ ಸಿರಿತನವೇ ಅಲ್ಲವೇ?

ಈ ಮಾತು ಮನಗಂಡ ದೇಶಗಳೂ ಇವೆ. ಜರ್ಮನಿ 2023ರ ಮೇ ತಿಂಗಳಿನಿಂದ ಇಡೀ ದೇಶದ ಸ್ಥಳೀಯ ಮತ್ತು ಪ್ರಾಂತೀಯ ಗಾಡಿಗಳಿಗೆ ತಿಂಗಳಿಗೊಂದೇ ಟಿಕೀಟು ಎಂದು ಸಾರಿತು. ಮೊದಲ ಬೆಲೆ 49 ಯೂರೊ, ಆಮೇಲೆ ಏರಿದೆ. ವೇಗದ ಗಾಡಿಗಳಿಗೆ ಅದು ನಡೆಯದು. ಆದರೂ ಎಂದು ಹೊರಟೆ, ಯಾವಾಗ ಗೊತ್ತುಮಾಡಿದೆ ಎಂದು ಅದು ಕೇಳುವುದಿಲ್ಲ. ನಮ್ಮಲ್ಲಿಯೂ ಆ ಗುಣವುಳ್ಳ ಟಿಕೀಟು ಸತ್ತಿಲ್ಲ. ಕಾಯ್ದಿರಿಸದ ಸಾಮಾನ್ಯ ಡಬ್ಬಿಯ ಟಿಕೀಟಿಗೆ ಇಂದಿಗೂ ದೂರವೇ ಅಳತೆ. ಜಾತ್ರೆಯ ದಿನವಾದರೂ, ಗಾಡಿ ಬಿಡಲು ಐದು ನಿಮಿಷವಿದ್ದರೂ, ಕಿಂಡಿಯಲ್ಲಿ ಅದರ ಬೆಲೆ ಒಂದೇ. ಕುಳಿತುಕೊಳ್ಳಲು ಸ್ಥಳ ಸಿಗುತ್ತದೆಂಬ ಭರವಸೆ ಅದರಲ್ಲಿಲ್ಲ ಎಂಬುದೇ ಕೊರತೆ. ಎಡ್ಮಂಡ್ಸನ್ನನ ರಟ್ಟಿನ ಸಮನ್ಯಾಯಕ್ಕೆ ಗಾಂಧೀಜಿ ಕೇಳಿದ ಸೌಕರ್ಯವನ್ನು ಕೂಡಿಸುವ ಕೆಲಸ ಇನ್ನೂ ಬಾಕಿ ಉಳಿದಿದೆ.

ಪರದೇಶಕ್ಕೆ ಹೊರಟವರು ಬೆಲೆಗಿಂತ ಮೊದಲು ಕರಾರನ್ನು ಓದಬೇಕು: ಯಾವ ಗಾಡಿಗೆ, ಯಾವ ಹೊತ್ತಿಗೆ, ತಪ್ಪಿದರೆ ಏನು ಗತಿ. ಅಗ್ಗದ ಟಿಕೀಟು ಸುಳ್ಳಲ್ಲ. ನಾವು ಏನನ್ನು ಬಿಟ್ಟುಕೊಟ್ಟೆವೆಂಬುದನ್ನು ಅದು ಸಣ್ಣ ಅಕ್ಷರದಲ್ಲಿ ಹೇಳುತ್ತದೆ, ಅಷ್ಟೆ. ನಾಡಿನಲ್ಲೇ ಇರುವವರು ತಮ್ಮ ಟಿಕೀಟಿನ ಕರಾರನ್ನೂ ಒಮ್ಮೆ ಓದಿ ನೋಡುವುದು ಒಳಿತು. ಯಾರ ಅನುಕೂಲಕ್ಕೆ ಯಾರು ಹೆಚ್ಚು ತೆರುತ್ತಿದ್ದಾರೆಂಬುದು ದರದ ಪಟ್ಟಿಯಲ್ಲಿಯೇ ಬರೆದಿರುತ್ತದೆ.