ಮೊದಲ ಶುಕ್ರವಾರದ ಲೆಕ್ಕ



ಅಮೆರಿಕದಲ್ಲಿರುವ ನಮಗೆ ಹಬ್ಬಹರಿದಿನ ಮರೆತುಹೋಗುವುದುಂಟು, ಆದರೆ ತಿಂಗಳ ಮೊದಲ ಶುಕ್ರವಾರ ಮರೆಯುವುದಿಲ್ಲ. ಸಾಮಾನ್ಯವಾಗಿ ಅಂದು ಬೆಳಗ್ಗೆ ಎಂಟೂವರೆಗೆ ಬ್ಯೂರೋ ಆಫ್ ಲೇಬರ್ ಸ್ಟ್ಯಾಟಿಸ್ಟಿಕ್ಸ್ ಹಿಂದಿನ ತಿಂಗಳ ಉದ್ಯೋಗದ ಲೆಕ್ಕ ಹೊರಡಿಸುತ್ತದೆ. ಷೇರುಪೇಟೆಯವರು ಅದರಲ್ಲಿ ಲಾಭ ಹುಡುಕಿದರೆ, ವೀಸಾದ ಮೇಲಿರುವವರು ತಮ್ಮ ಹಣೆಬರಹ ಹುಡುಕುತ್ತಾರೆ. 2001ರಲ್ಲಿ ಡಾಟ್ ಕಾಮ್ ಗುಳ್ಳೆ ಒಡೆದಾಗ, 2008ರಲ್ಲಿ ಬ್ಯಾಂಕುಗಳು ಮುಗ್ಗರಿಸಿದಾಗ, ನಮ್ಮ ಊಟದ ಮೇಜುಗಳಲ್ಲಿ ಇದೇ ಮಾತು. ಈ ಸಂಖ್ಯೆ ಎಲ್ಲಿಂದ ಬಂತು? ಅದರ ಕತೆ ನಾನಂದುಕೊಂಡಷ್ಟು ನೀರಸವಾಗಿರಲಿಲ್ಲ.

ಬ್ಯೂರೋ ಹುಟ್ಟಿದ್ದು 1884ರಲ್ಲಿ. 1915ರಲ್ಲಿ ಅದು ಕೇವಲ ನಾಲ್ಕು ಬಗೆಯ ಕಾರ್ಖಾನೆಗಳಿಂದ ಕೆಲಸಗಾರರ ಮಾಸಿಕ ಲೆಕ್ಕ ಕೇಳಲು ಶುರುಮಾಡಿತು. ಆದರೆ ಕೆಲಸ ಇಲ್ಲದವರು ಎಷ್ಟು? ಅದನ್ನು ಪ್ರತಿ ತಿಂಗಳೂ ಹೇಳಬಲ್ಲವರು ಯಾರೂ ಇರಲಿಲ್ಲ. 1929ರ ಷೇರುಪೇಟೆ ಕುಸಿತದ ಮೇಲೆ ಈ ಅಜ್ಞಾನವೇ ಸರ್ಕಾರಕ್ಕೆ ಅನುಕೂಲವಾಯಿತು. 1930ರ ಜನವರಿಯಲ್ಲಿ ಅಧ್ಯಕ್ಷ ಹೂವರ್ ಉದ್ಯೋಗ ಸುಧಾರಿಸುತ್ತಿದೆ ಎಂದುಬಿಟ್ಟರು. ನ್ಯೂಯಾರ್ಕ್ ರಾಜ್ಯದ ಕೈಗಾರಿಕಾ ಕಮಿಷನರ್ ಆಗಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಅದನ್ನು ಪತ್ರಿಕೆಯಲ್ಲಿ ಓದಿ ಸುಮ್ಮನಿರಲಿಲ್ಲ. ಆಕೆಯ ರಾಜ್ಯಕ್ಕೆ ತನ್ನದೇ ಮಾಸಿಕ ಲೆಕ್ಕವಿತ್ತು, ಅದು ಇಳಿಯುತ್ತಿತ್ತು. ತಮ್ಮ ಗವರ್ನರ್ ರೂಸ್‌ವೆಲ್ಟರನ್ನೂ ಕೇಳದೆ, ಅಧ್ಯಕ್ಷರ ಮಾತು ತಪ್ಪು ಎಂದು ಪತ್ರಕರ್ತರಿಗೆ ಹೇಳಿದರು. ಮುಂದೆ 1933ರಲ್ಲಿ ಆಕೆಯೇ ರೂಸ್‌ವೆಲ್ಟರ ಸಂಪುಟದಲ್ಲಿ ಕಾರ್ಮಿಕ ಸಚಿವೆಯಾದರು. ಅಮೆರಿಕದ ಸಂಪುಟಕ್ಕೆ ಬಂದ ಮೊದಲ ಹೆಂಗಸು ಆಕೆ.

ಅದೇ 1930ರ ಜನಗಣತಿಯಲ್ಲಿ ನಿರುದ್ಯೋಗಿಗಳನ್ನೂ ಎಣಿಸಿದರು. ಬಂದ ಉತ್ತರ ಸುಮಾರು 24 ಲಕ್ಷ. ಮಾಲೀಕರು ಸಂಬಳವಿಲ್ಲದೆ 'ಸದ್ಯಕ್ಕೆ ಮನೆಗೆ ಹೋಗಿ' ಎಂದವರನ್ನು ಬೇರೆ ಪಟ್ಟಿಗೆ ಸೇರಿಸಿದ್ದರಿಂದ ಮೊತ್ತ ಚಿಕ್ಕದಾಗಿ ಕಂಡಿತ್ತು. ಈ ಎಣಿಕೆಯ ಹೊಣೆ ಹೊತ್ತಿದ್ದ ಚಾರ್ಲ್ಸ್ ಪರ್ಸನ್ಸ್ ಇದಕ್ಕೆ ಒಪ್ಪದೆ ರಾಜೀನಾಮೆ ಕೊಟ್ಟರು. ನಿರುದ್ಯೋಗಿಗಳನ್ನು ಎಣಿಸಲು ಹೋಗಿ ತಾವೇ ಕೆಲಸ ಬಿಟ್ಟವರು!

1937ರಲ್ಲಿ ಸರ್ಕಾರ ಅಂಚೆಯವರ ಕೈಯಲ್ಲಿ ಮನೆಮನೆಗೆ ಕಾರ್ಡು ಕಳಿಸಿತು. ಕೆಲಸವಿಲ್ಲದವರು ತಾವಾಗಿ ತುಂಬಿ ಕಳಿಸಬೇಕು. ಸುಮಾರು 78 ಲಕ್ಷ ಜನ ಕಳಿಸಿದರು. ಇದು ನಿಜವೇ ಎಂದು ನೋಡಲು ದೇಶದ ಅಂಚೆ ಮಾರ್ಗಗಳಲ್ಲಿ ನೂರಕ್ಕೆ ಎರಡನ್ನು ಮಾತ್ರ ಆರಿಸಿ ಮನೆಮನೆಗೂ ಹೋಗಿ ಕೇಳಿದರು. ಆ ಲೆಕ್ಕ ಒಂದು ಕೋಟಿ ದಾಟಿತು. ಅನ್ನ ಬೆಂದಿದೆಯೇ ಎಂದು ನಮ್ಮ ಅಜ್ಜಿಯರು ಇಡೀ ಪಾತ್ರೆ ಸುರಿದು ನೋಡುತ್ತಿರಲಿಲ್ಲ, ಒಂದಗುಳು ಹಿಸುಕುತ್ತಿದ್ದರು. ಆದರೆ ಅಗುಳನ್ನು ಸರಿಯಾಗಿ ಆರಿಸಬೇಕು. ಆ ಪಾಠದ ಮೇಲೆಯೇ 1940ರಲ್ಲಿ ಮಾಸಿಕ ಮಾದರಿ ಸಮೀಕ್ಷೆ ಶುರುವಾಯಿತು. ಇಂದಿಗೂ ಸುಮಾರು 60 ಸಾವಿರ ಮನೆಗಳನ್ನು ಆರಿಸಿ ಕೇಳುವುದು ಅದರ ಮುಂದುವರಿಕೆಯೇ.

ಲೆಕ್ಕ ಸರಿಹೋದರೂ ಲೆಕ್ಕಿಗರ ಕಷ್ಟ ತಪ್ಪಲಿಲ್ಲ. 1971ರಲ್ಲಿ ಬ್ಯೂರೋದ ಅಧಿಕಾರಿಗಳು ಅಧ್ಯಕ್ಷ ನಿಕ್ಸನ್‌ಗೆ ಹಿತವಾಗದ ವಿವರಣೆ ಕೊಟ್ಟಾಗ ಮಾಸಿಕ ಪತ್ರಿಕಾಗೋಷ್ಠಿಯೇ ನಿಂತಿತು. ಆ ಕಚೇರಿಯ ಹಿರಿಯರಲ್ಲಿ ಯೆಹೂದಿಗಳೆಷ್ಟು ಎಂದು ಶ್ವೇತಭವನ ಎಣಿಸಿ ನೋಡಿತು. ಎಣಿಸುವವರನ್ನೇ ಎಣಿಸಿದ ನಾಚಿಕೆಗೇಡಿನ ಪ್ರಸಂಗ. ಆಗ ಸಂಸತ್ತಿನ ಸಮಿತಿಯೊಂದು ಪ್ರತಿ ತಿಂಗಳೂ ಆ ಅಧಿಕಾರಿಗಳನ್ನು ಕರೆಸಿ ಬಹಿರಂಗವಾಗಿ ಪ್ರಶ್ನೆ ಕೇಳತೊಡಗಿತು.

2025ರ ಆಗಸ್ಟ್ 1ರಂದು ಬಂದ ವರದಿ ಜುಲೈನಲ್ಲಿ 73 ಸಾವಿರ ಕೆಲಸಗಳಷ್ಟೇ ಹೆಚ್ಚಿವೆ ಎಂದಿತು. ಮೇ, ಜೂನ್ ಲೆಕ್ಕಗಳಿಂದ ಒಟ್ಟು 2 ಲಕ್ಷ 58 ಸಾವಿರ ಕಳೆಯಿತು. ಅಂದೇ ಅಧ್ಯಕ್ಷ ಟ್ರಂಪ್ ಕಮಿಷನರ್ ಎರಿಕಾ ಮೆಕೆಂಟಾರ್ಫರ್ ಅವರನ್ನು ವಜಾ ಮಾಡಿದರು. ತಿದ್ದುಪಡಿ ಎಂದರೆ ಮೋಸ ಎಂಬ ಭಾವನೆ ಹಲವರಿಗಿದೆ. ಆದರೆ ಲೆಕ್ಕ ಕೊಡಬೇಕಾದ ಸಂಸ್ಥೆಗಳಲ್ಲಿ ಹಲವು ತಡವಾಗಿ ಉತ್ತರಿಸುತ್ತವೆ. ಉತ್ತರ ಬಂದಂತೆ ಮುಂದಿನ ಎರಡು ತಿಂಗಳು ಲೆಕ್ಕ ತಿದ್ದುವುದು ಹಳೆಯ ಪದ್ಧತಿ. ತಿದ್ದಿದ್ದನ್ನು ಮುಚ್ಚಿಡದೆ ಎಲ್ಲರೆದುರು ಹೇಳುವುದೇ ಅದರ ಪ್ರಾಮಾಣಿಕತೆ. ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರದ ಬಾಗಿಲು ಮುಚ್ಚಿ ಮನೆಗಳ ಸಮೀಕ್ಷೆ ನಡೆಯಲಿಲ್ಲ. 1948ರಿಂದ ತಪ್ಪದೆ ಬಂದಿದ್ದ ನಿರುದ್ಯೋಗ ದರದ ಪಟ್ಟಿಯಲ್ಲಿ ಆ ತಿಂಗಳ ಜಾಗ ಖಾಲಿ ಉಳಿಯಿತು.

ಇಲ್ಲಿಯವರನ್ನು ದೂರುವ ಮುನ್ನ ನಮ್ಮ ಕಡೆಯೂ ನೋಡಬೇಕು. 2019ರ ಜನವರಿಯಲ್ಲಿ, ಉದ್ಯೋಗ ಸಮೀಕ್ಷೆಯ ವರದಿಯನ್ನು ತಡೆಹಿಡಿದ ವಿಚಾರವಾಗಿ ಭಾರತದ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ಅಲ್ಲಿ ಸರ್ಕಾರದ ಸಮೀಕ್ಷೆಯ ಮಾಸಿಕ ವರದಿ ಬರತೊಡಗಿದ್ದು 2025ರಲ್ಲಿ.

ಕೊನೆಗೆ ಒಂದು ಸ್ವಂತ ನೆನಪು. 2002ರಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಮೈಸೂರಿನ ಹುಡುಗನ ಕೆಲಸ ಹೋಯಿತು. ಕಾರು ಮಾರಿ, ಗ್ರೈಂಡರನ್ನೂ ಎರಡು ಪೆಟ್ಟಿಗೆ ಕನ್ನಡ ಪುಸ್ತಕಗಳನ್ನೂ ನಮಗೆ ಕೊಟ್ಟು, ಹೆಂಡತಿ ಮಗುವಿನೊಂದಿಗೆ ಊರಿಗೆ ಹೊರಟ. ಇಲ್ಲಿ ವಾಸಿಸುತ್ತ, ಕೆಲಸವಿಲ್ಲದೆ, ಕಳೆದ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿದವರೇ ಈ ಲೆಕ್ಕದ ನಿರುದ್ಯೋಗಿಗಳು. ವಿಮಾನ ಹತ್ತಿದ ದಿನವೇ ಅವನು ಆ ಲೆಕ್ಕದಿಂದಲೂ ಬಿಟ್ಟುಹೋದ. ನಮ್ಮಂಥವರ ಕಷ್ಟ ಕೆಲವೊಮ್ಮೆ ನಿರುದ್ಯೋಗದ ದರವನ್ನು ಏರಿಸುವುದೇ ಇಲ್ಲ.

ಹಾಗೆಂದು ಆ ಸಂಖ್ಯೆ ಬೇಡವೆನ್ನಲಾರೆ. ಅದರಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ತಿಳಿದು ಓದಬೇಕು, ಅಷ್ಟೆ. ಪುಸ್ತಕಗಳು ಇನ್ನೂ ನಮ್ಮ ಮನೆಯಲ್ಲೇ ಇವೆ. ಬೇಕಾದವರು ಬಂದು ಎರವಲು ಒಯ್ಯಬಹುದು.