ಥರ್ಮೋಕೋಲ್ ಹಲಗೆಯ ಮರುಬಳಕೆ: ತೊಡಕು ರಸಾಯನದ್ದೇ?

ಚಳಿ ತಡೆಯಲೆಂದು ಗೋಡೆಗೆ ಹೊದಿಸಿದ ಥರ್ಮೋಕೋಲ್ ಹಲಗೆ, ಕಟ್ಟಡ ಕೆಡವಿದ ಮೇಲೆ ಮತ್ತೆ ಹಲಗೆಯಾಗಬಲ್ಲುದೇ? ವೃತ್ತಾಕಾರದ ಆರ್ಥಿಕತೆಯನ್ನು ಕುರಿತ ಯುರೋಪಿನ ಚರ್ಚೆಗಳಲ್ಲಿ ಅಡ್ಡಿಯೆಂದು ಮೊದಲು ಕೇಳಿಬರುವ ಹೆಸರು ಎಚ್‌ಬಿಸಿಡಿ. ಬೆಂಕಿ ಹಬ್ಬದಂತೆ ದಶಕಗಳ ಕಾಲ ಬೆರೆಸುತ್ತಿದ್ದ ಈ ಬ್ರೋಮಿನ್ ಸಂಯುಕ್ತ 2013ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿ ಸೇರಿತು. ಇಷ್ಟರಲ್ಲಿ ವಿವಾದವಿಲ್ಲ. ವಿಷ ತೆಗೆದರೆ ಚಕ್ರ ತಾನಾಗಿ ತಿರುಗುತ್ತದೆ ಎಂಬ ಊಹೆಯನ್ನು ಮಾತ್ರ ಒಪ್ಪಲಾರೆ.

ವಿಷ ತೆಗೆಯುವ ವಿದ್ಯೆ ಸಿದ್ಧವಾಗಿಯೇ ಇತ್ತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ರೂಪುಗೊಂಡ ಕ್ರಿಯಾಸಾಲ್ವ್ ವಿಧಾನದಲ್ಲಿ ಹಲಗೆಯನ್ನು ದ್ರಾವಕದಲ್ಲಿ ಕರಗಿಸಿ, ಕೊಳೆ ಸೋಸಿ, ಥರ್ಮೋಕೋಲಿನ ಮೂಲ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಎಚ್‌ಬಿಸಿಡಿಯಿಂದ ಬೇರ್ಪಡಿಸುತ್ತಾರೆ. ಅದನ್ನು ನೆಚ್ಚಿ ನೆದರ್ಲೆಂಡ್ಸ್‌ನ ಟರ್ನ್ಯೂಜನ್‌ನಲ್ಲಿ ವರ್ಷಕ್ಕೆ ಸುಮಾರು 3,000 ಟನ್ ಸಾಮರ್ಥ್ಯದ ಪಾಲಿಸ್ಟೈರೀನ್‌ಲೂಪ್ ಸ್ಥಾವರ 2021ರಲ್ಲಿ ತೆರೆಯಿತು. ಮರುವರ್ಷವೇ ದಿವಾಳಿಯಾಯಿತು.

ತೊಡಕು ಸಾಗಣೆಯಲ್ಲಿರಬಹುದೇ ಎಂದು ನೋಡಲು ಒಂದು ಸರಳ ಲೆಕ್ಕ ಹಾಕೋಣ. ಹಲಗೆಯ ಗಾತ್ರದಲ್ಲಿ ಶೇ. 98ರಷ್ಟು ಬರೀ ಗಾಳಿ. ಘನ ಮೀಟರಿಗೆ 15 ಕಿಲೋ ಎಂದಿಟ್ಟುಕೊಂಡರೂ 100 ಘನ ಮೀಟರ್ ಹಿಡಿಸುವ ಲಾರಿ ಹೊರುವುದು ಒಂದೂವರೆ ಟನ್. ಆ ಸ್ಥಾವರದ ಹೊಟ್ಟೆ ತುಂಬಲು ವರ್ಷಕ್ಕೆ 2,000 ಲೋಡು ಬೇಕು. ಒತ್ತಿ ಗಟ್ಟಿಮಾಡಿ ಸಾಗಿಸಬಹುದಲ್ಲ ಎಂದರೆ, ಪ್ಯಾಕಿಂಗ್ ಥರ್ಮೋಕೋಲಿಗೆ ಆ ಮಾತು ಸರಿ. ಗೋಡೆಯ ಹಲಗೆ ಅಂಟು, ಜಾಲರಿ, ಗಿಲಾವುಗಳನ್ನು ಅಂಟಿಸಿಕೊಂಡೇ ಬರುತ್ತದೆ. ಅವನ್ನು ಕೆರೆದು ತೆಗೆಯುವ ಕೂಲಿ ಯಾರ ಲೆಕ್ಕಕ್ಕೆ?

ಜರ್ಮನಿಯ 2016ರ ಬಿಕ್ಕಟ್ಟೂ ತೊಡಕು ಬರೀ ರಸಾಯನದ್ದಲ್ಲ ಎಂಬುದನ್ನೇ ಸೂಚಿಸುತ್ತದೆ. ಆ ಶರತ್ಕಾಲದಲ್ಲಿ ಎಚ್‌ಬಿಸಿಡಿ ಬೆರೆತ ಹಲಗೆಗಳನ್ನು ಅಪಾಯಕಾರಿ ತ್ಯಾಜ್ಯವೆಂದು ವರ್ಗೀಕರಿಸಿದೊಡನೆ ಅನುಮತಿಯಿಲ್ಲದ ದಹನಘಟಕಗಳು ಅವನ್ನು ತೆಗೆದುಕೊಳ್ಳಲಿಲ್ಲ. ಕಸ ಗುಡ್ಡೆ ಬಿತ್ತು. ಡಿಸೆಂಬರಿನಲ್ಲಿ ಅಲ್ಲಿನ ರಾಜ್ಯಗಳ ಸದನವಾದ ಬುಂಡೆಸ್‌ರಾಟ್ ಒಂದು ವರ್ಷದ ವಿನಾಯಿತಿ ಕೊಟ್ಟಿತು. ಬಿಕ್ಕಟ್ಟು ಹುಟ್ಟಿದ್ದು ಎಚ್‌ಬಿಸಿಡಿಯಿಂದ, ನಿಜ. ಆದರೆ ಅದು ತಿಳಿಯಾದದ್ದು ಹಲಗೆ ಶುದ್ಧವಾಗಿ ಅಲ್ಲ, ಬೇರೆ ಕಸದೊಡನೆ ಬೆರೆಸಿ ಸುಡುವ ಹಳೆಯ ದಾರಿ ಮತ್ತೆ ತೆರೆದು.

ಆದ್ದರಿಂದ ಎಚ್‌ಬಿಸಿಡಿ ಇಲ್ಲದ ಇಂದಿನ ಹಲಗೆಗಳ ಪಾಲಿಗೂ ಕೊನೆಗೆ ಕುಲುಮೆಯೇ ಗತಿಯಾದೀತು ಎಂಬುದು ನನ್ನ ವಾದ. ಒಂದೇ ಸ್ಥಾವರದ ಪತನದಿಂದ ಅದು ಸಿದ್ಧವಾಯಿತೆನ್ನಲಾರೆ. ದಿವಾಳಿಗೆ ಬಂಡವಾಳದ ಅಥವಾ ಮಾರುಕಟ್ಟೆಯ ಕಾರಣಗಳೂ ಇದ್ದಿರಬಹುದು. ಖನಿಜ ಉಣ್ಣೆಗೆ ಈ ಲೆಕ್ಕ ಅನ್ವಯಿಸದು. ಅದರ ತೂಕ ಬೇರೆ, ತೊಡಕೂ ಬೇರೆ. ಕೆಡವಿದ ಜಾಗದಲ್ಲೇ ಗಿಲಾವು ಬಿಡಿಸಿ, ಒತ್ತಿ, ಸ್ಥಾವರಕ್ಕೆ ಮುಟ್ಟಿಸಲು ಟನ್ನಿಗೆ ಎಷ್ಟು ಬಿದ್ದೀತು, ಅದನ್ನು ಭರಿಸಬೇಕಾದವರು ಯಾರು ಎಂಬೆರಡು ಪ್ರಶ್ನೆಗಳು ಮುಂದಿನ ಅಧ್ಯಯನಕ್ಕೆ ಉಳಿದಿವೆ.